ಎಕ್ಕದ ಜೋಡಿ ಹಿಡಿದವನ ಕಷ್ಟ

ದೀಪಾವಳಿಯ ಹಿಂದುಮುಂದಿನ ರಾತ್ರಿಗಳಲ್ಲಿ ರಂಗಂಪೇಟೆಯಿಂದ ರಾಯಚೂರಿನವರೆಗೆ ನಮ್ಮ ಸೀಮೆಯ ಯಾವ ಊರಿಗೆ ಹೋದರೂ ಎಲ್ಲೋ ಒಂದು ಕಡೆ ಜಮಖಾನ ಹಾಸಿರುತ್ತದೆ. ಅದರ ಸುತ್ತ ಐದಾರು ಜನ, ನಡುವೆ ಒಂದು ಕಟ್ಟು ಇಸ್ಪೀಟೆಲೆ. ಆಟ ನೋಡುವುದಕ್ಕಿಂತ ಮರುದಿನ ಬೆಳಿಗ್ಗೆ ಚಹದ ಅಂಗಡಿಯಲ್ಲಿ ಸೋತವರ ಮಾತು ಕೇಳುವುದು ಹೆಚ್ಚು ಉಪಯೋಗ. “ಇಷ್ಟು ಚಲೋ ಎಲಿ ಬಂದಿದ್ದವು ಅಂತಿ, ಹೆಂಗ ಸೋತಿಯೋ ತಮ್ಮಾ?” ಎಂದು ಹಿರಿಯರೊಬ್ಬರು ಕೇಳಿದರೆ, “ಚಲೋ ಬಂದಿದ್ದವು ಅಂತನ ಸೋತೆ ಕಾಕಾ” ಎಂಬ ಉತ್ತರ ಬರುತ್ತದೆ. ಕೇಳಿದವರು ನಗುತ್ತಾರೆ. ಆದರೆ ಆ ಉತ್ತರದಲ್ಲಿ ಗಣಿತವಿದೆ.

ಕೆಟ್ಟ ಎಲೆ ಬಂದವನು ಹೆಚ್ಚು ಕಳೆದುಕೊಳ್ಳುವುದಿಲ್ಲ. ಎರಡು, ಐದು, ಒಂಬತ್ತು ಎಂದು ಬೇರೆ ಬೇರೆ ಬಣ್ಣದ ಮೂರು ಎಲೆ ಬಂದರೆ ಅವುಗಳನ್ನು ಕೆಳಗಿಟ್ಟು ಬೀಡಿ ಹಚ್ಚಿಕೊಂಡು ಕೂಡುತ್ತಾನೆ. ಮೊದಲೇ ಹಾಕಿದ ಬೂಟಿನ ಹಣವಷ್ಟೇ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನ ಎಲೆ ಬಂದವನಿಗೂ ಕಷ್ಟವಿಲ್ಲ. ಮೂರು ಎಕ್ಕ ಹಿಡಿದವನು ಕಣ್ಣು ಮುಚ್ಚಿ ಆಡಬಹುದು. ಕಷ್ಟವಿರುವುದು ಇವೆರಡರ ನಡುವಿನವನಿಗೆ. ಅವನ ಕೈ ಬಲವಾಗಿದೆ. ಬಿಡಲು ಮನಸ್ಸು ಬಾರದಷ್ಟು ಬಲವಾಗಿದೆ. ಆದರೆ ಅದನ್ನು ಸೋಲಿಸುವ ಕೈಗಳು ಇನ್ನೂ ಕಟ್ಟಿನಲ್ಲಿವೆ. ಜಮಖಾನದ ಮೇಲೆ ಮನೆ ಮಠ ಕಳೆದವರ ಲೆಕ್ಕ ತೆಗೆದರೆ ಹೆಚ್ಚಿನವರು ಇಂತಹ ಕೈಯಲ್ಲೇ ಕಳೆದಿರುತ್ತಾರೆ ಎಂಬುದು ನನ್ನ ಊಹೆ. ಊಹೆಗೆ ಆಧಾರವಾಗಿ ಸ್ವಲ್ಪ ಅಂಕಿಗಳನ್ನು ಕೊಡಬಲ್ಲೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನಮ್ಮಲ್ಲಿ ಮೂರೆಲೆ ಅಥವಾ ತೀನ್ ಪತ್ತಿ ಎನ್ನುವ ಆಟ ಇಂಗ್ಲೆಂಡಿನ ಬ್ರ್ಯಾಗ್ ಎಂಬ ಆಟದ ಹತ್ತಿರದ ನೆಂಟ. ಆ ಹೆಸರಿನ ಅರ್ಥವೇ ಜಂಬ ಕೊಚ್ಚುವುದು. ಅಮೆರಿಕದ ಪೋಕರ್ ಕೂಡ ಇದೇ ಬಳಗಕ್ಕೆ ಸೇರಿದ್ದು. ತೀನ್ ಪತ್ತಿಯಲ್ಲಿ ಪ್ರತಿಯೊಬ್ಬನಿಗೆ ಮೂರು ಎಲೆ. ಒಂದೇ ತರದ ಮೂರು ಬಂದರೆ ಟ್ರಯಲ್, ಅದು ಎಲ್ಲಕ್ಕಿಂತ ಮೇಲು. ಒಂದೇ ಬಣ್ಣದಲ್ಲಿ ಸಾಲಾಗಿ ಮೂರು ಬಂದರೆ ಪ್ಯೂರ್ ಸೀಕ್ವೆನ್ಸ್, ಬಣ್ಣ ಬೇರೆಯಾಗಿ ಸಾಲು ಮಾತ್ರ ಕೂಡಿದರೆ ಬರೀ ಸೀಕ್ವೆನ್ಸ್, ಸಾಲಿಲ್ಲದೆ ಬಣ್ಣ ಕೂಡಿದರೆ ಕಲರ್. ಆಮೇಲೆ ಜೋಡಿ. ಏನೂ ಕೂಡದಿದ್ದರೆ ಇದ್ದುದರಲ್ಲಿ ದೊಡ್ಡ ಎಲೆ. ಎಲೆ ನೋಡದೆ ಆಡುವವನು ಬ್ಲೈಂಡ್. ನೋಡಿ ಆಡುವವನು ಚಾಲ್ ನಡೆಸುತ್ತಾನೆ, ಅವನು ಬ್ಲೈಂಡ್ ಆಡುವವನ ಎರಡರಷ್ಟು ಹಾಕಬೇಕು. ಒಬ್ಬೊಬ್ಬರೇ ಎಲೆ ಇಡುತ್ತ ಹೋಗಿ ಇಬ್ಬರು ಉಳಿದಾಗ ಒಬ್ಬ ಹಣ ಕಟ್ಟಿ ಶೋ ಕೇಳುತ್ತಾನೆ.

ಐವತ್ತೆರಡು ಎಲೆಗಳಿಂದ ಮೂರು ಎಲೆಯ ಕೈಗಳು ಒಟ್ಟು 22,100 ಬಗೆಯಲ್ಲಿ ಬರಬಲ್ಲವು. ಅವುಗಳಲ್ಲಿ ಟ್ರಯಲ್ 52, ಪ್ಯೂರ್ ಸೀಕ್ವೆನ್ಸ್ 48, ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744. ಉಳಿದ 16,440 ಏನೂ ಕೂಡದ ಕೈಗಳು. ಅಂದರೆ ನಾಲ್ಕು ಸಲ ಎಲೆ ಹಂಚಿದರೆ ಹೆಚ್ಚುಕಡಿಮೆ ಮೂರು ಸಲ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. (ಪ್ಯೂರ್ ಸೀಕ್ವೆನ್ಸ್ ಟ್ರಯಲ್‌ಗಿಂತಲೂ ಅಪರೂಪ, ಆದರೂ ಅದಕ್ಕೆ ಎರಡನೆಯ ಸ್ಥಾನ. ಆಟದ ನಿಯಮಗಳನ್ನು ಮಾಡಿದವರು ಗಣಿತದ ಮೇಷ್ಟ್ರುಗಳಲ್ಲ.)

ಈಗ ನಿಮಗೆ ಎಕ್ಕದ ಜೋಡಿ ಬಂತೆನ್ನಿ. ಜೋಡಿಗಳಲ್ಲಿ ಇದೇ ರಾಜ. ಇದಕ್ಕಿಂತ ಮೇಲಿನ ಕೈಗಳು 1,916, ನೂರಕ್ಕೆ ಒಂಬತ್ತೂ ಇಲ್ಲ. ಎದುರಿಗೆ ಒಬ್ಬನೇ ಇದ್ದು ಅವನೂ ಎಲೆ ನೋಡದೆ ಆಡುತ್ತಿದ್ದರೆ ನೂರರಲ್ಲಿ ತೊಂಬತ್ತೊಂದು ಸಲ ನೀವೇ ಮುಂದು. ಎದೆ ಉಬ್ಬಿಸಲು ಇಷ್ಟು ಸಾಕು, ಜನ ಉಬ್ಬಿಸುತ್ತಾರೆ ಕೂಡ.

ಆದರೆ ಎದುರಿಗೆ ಇರುವುದು ಒಬ್ಬನಲ್ಲ, ಐವರು. ಐವರೂ ನಿಮಗಿಂತ ಕೆಳಗಿರಬೇಕಾದರೆ ಆ ತೊಂಬತ್ತೊಂದು ಐದು ಸಲ ಕೂಡಿಬರಬೇಕು. ಗುಣಿಸಿ ನೋಡಿದರೆ ಅದು ಅರವತ್ತಮೂರರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮೂರು ಸಲಕ್ಕೆ ಒಂದಕ್ಕಿಂತ ಹೆಚ್ಚು ಸಲ, ನೀವು ಎಕ್ಕದ ಜೋಡಿ ನೋಡಿ ಒಳಗೊಳಗೇ ನಗುತ್ತಿರುವಾಗಲೇ, ಜಮಖಾನದ ಮೇಲೆ ಇನ್ನೊಬ್ಬ ನಿಮ್ಮನ್ನು ಸೋಲಿಸುವ ಎಲೆ ಹಿಡಿದು ಕೂತಿರುತ್ತಾನೆ.

ಇದು ಮೊದಲ ಅಪಾಯ. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ಎಷ್ಟೋ ವರ್ಷ ಆಡಿದವರಿಗೂ ಇದು ಹೊಳೆದಿರುವುದಿಲ್ಲ. ನೀವು ಪಣ ಏರಿಸುತ್ತೀರಿ. ಏರಿಸಿದಾಗ ಹೋಗುವವರು ಯಾರು? ಏನೂ ಇಲ್ಲದವರು. ಉಳಿಯುವವರು ಯಾರು? ಏನೋ ಇರುವವರು. ಎದುರಾಳಿ ತನ್ನ ಎಲೆ ನೋಡಿ, ಯಾವುದೋ ಒಂದು ಜೋಡಿ ಅಥವಾ ಅದಕ್ಕಿಂತ ಮೇಲಿನ ಕೈ ಇದ್ದರೆ ಮಾತ್ರ ಉಳಿಯುವ ಮನುಷ್ಯ ಎನ್ನೋಣ. ಅವನು ಉಳಿದನೆಂದರೆ, ನಿಮ್ಮ ಕೆಳಗಿನ ಜೋಡಿಗಳು 3,456, ಮೇಲಿನ ಕೈಗಳು 1,916. ನಿಮ್ಮ ಗೆಲುವು ನೂರಕ್ಕೆ ಅರವತ್ತನಾಲ್ಕಕ್ಕೆ ಬಂತು. ನೀವು ಮತ್ತೆ ಏರಿಸುತ್ತೀರಿ, ಮತ್ತೆ ಏರಿಸುತ್ತೀರಿ. ಈಗ ಅವನು ರಾಜನ ಜೋಡಿಗಿಂತ ಕಡಿಮೆಯದನ್ನು ಹಿಡಿದು ಉಳಿಯುವವನಲ್ಲ. ಹಾಗೂ ಉಳಿದಿದ್ದಾನೆ. ರಾಜನ ಜೋಡಿಗಳು 288 ಮಾತ್ರ. ನಿಮ್ಮನ್ನು ಸೋಲಿಸುವ ಕೈಗಳು ಅದೇ 1,916. ಈಗ ನಿಮ್ಮ ಗೆಲುವು ನೂರಕ್ಕೆ ಹದಿಮೂರು! ನಿಮ್ಮ ಕೈಯಲ್ಲಿರುವ ಎಲೆಗಳನ್ನು ಕಟ್ಟಿನಿಂದ ಕಳೆದು ಲೆಕ್ಕ ಹಾಕಿದರೆ ಅಂಕಿ ಒಂದಿಷ್ಟು ಆಚೀಚೆ ಆದೀತು, ಚಿತ್ರ ಬದಲಾಗದು. ತೊಂಬತ್ತೊಂದು, ಅರವತ್ತನಾಲ್ಕು, ಹದಿಮೂರು. ಎಲೆಗಳು ಬದಲಾಗಲಿಲ್ಲ. ಏರಿಸಿದವರೂ ನೀವೇ. ನೀವು ಏರಿಸಿದ ಒಂದೊಂದು ರೂಪಾಯಿಯೂ ನಿಮಗೆ ಸೋಲುವವರನ್ನು ಮನೆಗೆ ಕಳಿಸಿ, ನಿಮ್ಮನ್ನು ಗೆಲ್ಲುವವನನ್ನು ಮಾತ್ರ ಎದುರಿಗೆ ಉಳಿಸಿತು.

ಹಾಗಾದರೆ ಬಲವಾದ ಎಲೆ ಬಂದಾಗ ಹೆದರಿ ಕೂಡಬೇಕೇ? ಅದೂ ಅಲ್ಲ. ಎಚ್ಚರವೆಂದರೆ ಹೇಡಿತನವಲ್ಲ, ಎಷ್ಟು ದೊಡ್ಡ ರಾಶಿಗೆ ಈ ಕೈ ಸಾಲುತ್ತದೆ ಎಂಬ ಅಂದಾಜು. ಎಕ್ಕದ ಜೋಡಿ ಸಣ್ಣ ರಾಶಿಯನ್ನು ಗೆಲ್ಲುವ ಕೈ. ಬ್ಲೈಂಡ್ ಆಡುವವನ ಎದುರು ಧೈರ್ಯವಾಗಿ ಏರಿಸಬಹುದು, ಏಕೆಂದರೆ ಅವನು ಉಳಿದಿರುವುದರಿಂದ ಅವನ ಎಲೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಆ ತೊಂಬತ್ತೊಂದು ಹಾಗೇ ಇರುತ್ತದೆ. ಅದೇ ಮನುಷ್ಯ ಎಲೆ ಎತ್ತಿ ನೋಡಿ, ಒಂದು ಕ್ಷಣ ಸುಮ್ಮನಿದ್ದು, ಎರಡರಷ್ಟು ಹಾಕಿದನೋ, ಅಲ್ಲಿಂದ ಆಟ ಬೇರೆ. ಆಗ ಕೈಗೆ ಬರುವ ಉಪಾಯ ಸೈಡ್ ಶೋ. ನಿಮಗಿಂತ ಮುಂಚೆ ಚಾಲ್ ನಡೆಸಿದವನನ್ನು, ಗುಟ್ಟಾಗಿ ಇಬ್ಬರ ಎಲೆ ತಾಳೆ ನೋಡೋಣ ಎಂದು ಕೇಳುವುದು. ಕಡಿಮೆ ಇದ್ದವನು ಎಲೆ ಇಡಬೇಕು. ಅವನು ಒಲ್ಲೆ ಎನ್ನಬಹುದು, ಆ ಒಲ್ಲೆಯೂ ಒಂದು ಸುದ್ದಿಯೇ. ಇಬ್ಬರೇ ಉಳಿದಿದ್ದರೆ ಬೇಗ ಶೋ ಕೇಳಿ ಮುಗಿಸುವುದು ಎಕ್ಕದ ಜೋಡಿಗೆ ತಕ್ಕ ನಡೆ. ಇದನ್ನು ಪುಕ್ಕಲುತನ ಎಂದು ಅಣಕಿಸುವವರು ಪಕ್ಕದಲ್ಲಿ ಕೂತು ನೋಡುವವರು; ಅವರ ಹಣವೇನೂ ನಡುವಿನ ರಾಶಿಯಲ್ಲಿರುವುದಿಲ್ಲ.

ಪೋಕರಿನಲ್ಲಿ ಇದೇ ಸಂಗತಿ ಇನ್ನೂ ಸ್ಪಷ್ಟ. ಅಲ್ಲಿ ಈಗ ಹೆಚ್ಚು ಚಾಲ್ತಿಯಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಗುಟ್ಟಿನ ಎಲೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ತೆರೆಯುತ್ತಾರೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಎರಡು ಎಕ್ಕ ಬಂದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಒಬ್ಬ ಎದುರಾಳಿಯ ಮುಂದೆ ಅದು ನೂರಕ್ಕೆ ಎಂಬತ್ತೈದು ಸಲ ಗೆಲ್ಲುತ್ತದೆ. ಒಂಬತ್ತು ಜನರೂ ಕೊನೆಯವರೆಗೆ ಉಳಿದರೆ ಗೆಲ್ಲುವುದು ಮೂವತ್ತೊಂದು ಸಲ ಮಾತ್ರ. ಆದ್ದರಿಂದ ಬಲ್ಲವರು ಎಕ್ಕದ ಜೋಡಿಯನ್ನು ಅಡಗಿಸಿಟ್ಟು ಎಲ್ಲರನ್ನೂ ಒಳಗೆ ಕರೆಯುವುದಿಲ್ಲ. ಮೊದಲಿಗೇ ಏರಿಸಿ ಜನ ಕಡಿಮೆ ಮಾಡುತ್ತಾರೆ. ಆಮೇಲೆ ನಡುವೆ ತೆರೆದ ಮೂರು ಎಲೆ ನೋಡುತ್ತಾರೆ. ಮೂರೂ ಒಂದೇ ಬಣ್ಣದವಾದರೆ, ಅಥವಾ ಎಂಟು-ಒಂಬತ್ತು-ಹತ್ತು ಎಂದು ಸಾಲು ಹಿಡಿದಿದ್ದರೆ, ಕೈ ಬಿಗಿ ಹಿಡಿಯುತ್ತಾರೆ. ಏರಿಸುವುದನ್ನು ನಿಲ್ಲಿಸಿ, ಬಂದದ್ದನ್ನು ಅಷ್ಟಕ್ಕಷ್ಟೇ ಸರಿದೂಗಿಸುತ್ತ ರಾಶಿ ಉಬ್ಬದಂತೆ ನೋಡಿಕೊಳ್ಳುತ್ತಾರೆ. ಎದುರಿನವನು ಇದ್ದದ್ದೆಲ್ಲವನ್ನೂ ಮುಂದೆ ನೂಕಿದರೆ ಎರಡು ಎಕ್ಕಗಳನ್ನು ಕೆಳಗಿಡುತ್ತಾರೆ. ಈ ಕೊನೆಯದು ಹೇಳಲು ಸುಲಭ, ಮಾಡಲು ಕಷ್ಟ. ಆಟದಲ್ಲಿ ಪಳಗಿದವನೆಂದು ಗುರುತಿಸಬೇಕಾದರೆ ಅವನು ಗೆದ್ದ ಕೈಗಳನ್ನಲ್ಲ, ಬಿಟ್ಟ ಕೈಗಳನ್ನು ನೋಡಬೇಕು. ದುರದೃಷ್ಟವೆಂದರೆ ಬಿಟ್ಟ ಕೈ ಯಾರಿಗೂ ಕಾಣಿಸುವುದಿಲ್ಲ.

ಇಲ್ಲಿ ಕಾನೂನಿನ ಮಾತು ಒಂದಿಷ್ಟು ಬರಬೇಕು. 1968ರಲ್ಲಿ ಆಂಧ್ರಪ್ರದೇಶದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿ, ಮೂರೆಲೆಯ ಆಟವನ್ನು ಬರೀ ಅದೃಷ್ಟದ್ದು ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟು, ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. ರಾಜ್ಯ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿಯಲ್ಲಿ ಅದೇ ಹೈಕೋರ್ಟು ಆ ಕಲಮುಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಎಷ್ಟೋ ಸಂಸಾರಗಳ ಸಂಬಳ ಮೊಬೈಲಿನಲ್ಲಿ ಕರಗಿದ್ದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಮೂರೆಲೆಯಲ್ಲಿ ಎಲೆ ಬರುವುದು ಅದೃಷ್ಟವೇ, ಕೋರ್ಟು ಹೇಳಿದ್ದರಲ್ಲಿ ತಪ್ಪಿಲ್ಲ. ಏಳುವುದು ಮಾತ್ರ ಅದೃಷ್ಟವಲ್ಲ.

ಹಣ ಕಟ್ಟದೆಯೂ ಈ ಲೆಕ್ಕವನ್ನು ನೋಡಬಹುದು. ಅದಕ್ಕೆ ನಮ್ಮ ಸೀಮೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ರಂಗಂಪೇಟೆಯಲ್ಲಿ ನಿಂತು ತಲೆ ಎತ್ತಿದರೆ ಸುರಪುರದ ಗುಡ್ಡಗಳು ಕಾಣುತ್ತವೆ. ಪೇಟೆಯೂ ಸುರಪುರವೂ ಈಗ ಒಂದೇ ಪಟ್ಟಣ. ಈ ಗುಡ್ಡಗಳನ್ನು ಆಳಿದ ಬೇಡ ನಾಯಕರ ಮನೆತನಕ್ಕೆ ಎರಡು ಸಲ, 153 ವರ್ಷಗಳ ಅಂತರದಲ್ಲಿ, ಎಕ್ಕದ ಜೋಡಿಯಂತಹ ಕೈ ಬಂದಿತ್ತು. ಕಲ್ಲು ಗುಡ್ಡ, ಗುರಿ ತಪ್ಪದ ಬಂದೂಕಿನ ಬೇಡರು, ಸೀಮೆಯ ಇಂಚಿಂಚೂ ಬಲ್ಲ ಜನ: ಇದು ಬಲವಾದ ಕೈ. ಆದರೆ ಎದುರಿಗೆ ಕೂತವರ ಹತ್ತಿರ ತೋಪುಗಳಿದ್ದವು, ಮುಗಿಯದ ಖಜಾನೆಯಿತ್ತು. ಎರಡು ಸಲವೂ ಅದೇ ಕೈ. ಆಡಿದ ರೀತಿ ಬೇರೆ. ಯುದ್ಧವನ್ನು ಜೂಜಿಗೆ ಹೋಲಿಸುವುದು ಅಷ್ಟು ಸರಿಯಲ್ಲ ಎಂಬುದು ಗೊತ್ತು. ಅಲ್ಲಿ ರಾಶಿಯಲ್ಲಿರುವುದು ರೂಪಾಯಿಯಲ್ಲ, ಜನರ ಪ್ರಾಣ. ಆದ್ದರಿಂದಲೇ ಲೆಕ್ಕ ಅಲ್ಲಿ ಹೆಚ್ಚು ಬೇಕಾಗುತ್ತದೆ.

ಮೊದಲು ಎರಡನೆಯ ಸಲದ್ದು, ಎಲ್ಲರಿಗೂ ಗೊತ್ತಿರುವುದು. ರಾಜಾ ವೆಂಕಟಪ್ಪನಾಯಕ ಹುಟ್ಟಿದ್ದು 1834ರಲ್ಲಿ. ತಂದೆ ಕೃಷ್ಣಪ್ಪನಾಯಕ ತೀರಿಕೊಂಡಾಗ ಹುಡುಗನಿಗೆ ಎಂಟರ ಆಸುಪಾಸು. ಇಂಗ್ಲಿಷರ ಅಧಿಕಾರಿಯಾಗಿ ಬಂದಿದ್ದ ಮೆಡೋಸ್ ಟೇಲರ್ ಅವನನ್ನು ಬೆಳೆಸಿದ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಟೇಲರ್ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಸುರಪುರದ ಗುಡ್ಡದ ಮೇಲಿನದು. 1853ರಲ್ಲಿ ಆಡಳಿತವನ್ನು ವೆಂಕಟಪ್ಪನಾಯಕನ ಕೈಗೆ ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೋದ. ಐದು ವರ್ಷ ಕಳೆಯುವಷ್ಟರಲ್ಲಿ ಉತ್ತರದಲ್ಲಿ ದಂಗೆ ಎದ್ದು, ಆ ಬೆಂಕಿಯ ಕಿಡಿ ದಕ್ಷಿಣಕ್ಕೂ ಹಾರಿತ್ತು.

1858ರ ಫೆಬ್ರವರಿಯಲ್ಲಿ ರಾಜನ ಎದುರಿಗಿದ್ದ ಆಟವನ್ನು ನೋಡಿ. ದೆಹಲಿ ಹಿಂದಿನ ಸೆಪ್ಟೆಂಬರಿನಲ್ಲೇ ಇಂಗ್ಲಿಷರ ಕೈಗೆ ಮರಳಿತ್ತು. ನಮ್ಮ ಪಕ್ಕದಲ್ಲೇ ಹಲಗಲಿಯ ಬೇಡರು ನವೆಂಬರಿನಲ್ಲಿ ಎದ್ದು, ಅದೇ ತಿಂಗಳು ತುಳಿಯಲ್ಪಟ್ಟಿದ್ದರು. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದದ್ದು ಮುಂದೆ ಮೇ ತಿಂಗಳ ಕೊನೆಗೆ. ಸುರಪುರ ಪಣಕ್ಕಿಳಿದ ದಿನ ಪಕ್ಕದಲ್ಲಿ ಯಾರೂ ಇರಲಿಲ್ಲ. ಎದುರಿಗೆ ಮಾತ್ರ ಒಬ್ಬನಲ್ಲ, ಹಲವರು. ಹೈದರಾಬಾದ್ ಕಂಟಿಂಜೆಂಟಿನ ತುಕಡಿಯೊಡನೆ ಕ್ಯಾಪ್ಟನ್ ವಿಂಧಾಮ್ ಊರ ಮುಂದೆ ಬಂದಿಳಿದಿದ್ದ. ಕರ್ನಲ್ ಮಾಲ್ಕಮ್‌ನ ದಂಡು ದಾರಿಯಲ್ಲಿತ್ತು. ಮದ್ರಾಸಿನ ಸೈನ್ಯ ಇನ್ನೊಂದು ಕಡೆಯಿಂದ ಬರುತ್ತಿತ್ತು. ಒಬ್ಬನ ಎದುರು ಬಲವಾದ ಕೈ ಹಲವರ ಎದುರು ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಮೇಲೆ ನೋಡಿದ್ದೇವೆ.

ಫೆಬ್ರವರಿ 7ರ ರಾತ್ರಿ ವಿಂಧಾಮ್‌ನ ಬಿಡಾರದ ಮೇಲೆ ಸುರಪುರದ ಪಡೆ ಬಿತ್ತು. ರಾಜನೇ ಮನಸ್ಸಿಟ್ಟು ಅಪ್ಪಣೆ ಕೊಟ್ಟನೋ, ಸುತ್ತ ಸೇರಿದ ಅರಬರು, ರೋಹಿಲರು, ಬಿಸಿರಕ್ತದ ಬೇಡರು ಅವನನ್ನು ನೂಕಿದರೋ ಎಂಬುದು ಬೇರೆ ಚರ್ಚೆ. ಹೆಗಲ ಹಿಂದೆ ನಿಂತು ಎಲೆ ನೋಡಿ “ಏರಿಸು, ಏರಿಸು” ಎನ್ನುವವರು ಎಲ್ಲ ಆಟದಲ್ಲೂ ಇರುತ್ತಾರೆ. ಗುಡ್ಡದಲ್ಲಿ ಕೂತು ಕಾದವರಿಗೆ ಬಲವಿತ್ತು. ಗುಡ್ಡ ಇಳಿದು ಬಿಡಾರದ ತೋಪಿನ ಬಾಯಿಗೆ ಬಂದವರಿಗೆ ಅದೇ ಬಲ ಇರಲಿಲ್ಲ. ದಾಳಿಯನ್ನು ಇಂಗ್ಲಿಷರು ಹಿಮ್ಮೆಟ್ಟಿಸಿದರು. ಮರುದಿನದ ಕಾದಾಟದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಬೇಡರ ಕಸುವು ಏನೆಂಬುದು ಇಂಗ್ಲಿಷರಿಗೆ ಗೊತ್ತಾಯಿತು. ಆದರೆ ರಾಶಿ ಈಗ ಹಿಂದಕ್ಕೆ ಬಾರದಷ್ಟು ದೊಡ್ಡದಾಗಿತ್ತು. ಕಪ್ಪ, ಸಾಲ, ಸಿಪಾಯಿಗಳ ಸಂಖ್ಯೆ ಎಂದು ಮಾತುಕತೆ ನಡೆಸಬಹುದಾದ ಸಂಸ್ಥಾನ ಒಂದೇ ರಾತ್ರಿಯಲ್ಲಿ ಇಡೀ ಸಂಸ್ಥಾನವನ್ನೇ ಪಣಕ್ಕಿಟ್ಟಂತಾಯಿತು. 8ರ ರಾತ್ರಿ ರಾಜ ಕೆಲವೇ ಸವಾರರೊಡನೆ ಹೈದರಾಬಾದಿನ ದಾರಿ ಹಿಡಿದ. ಅಲ್ಲಿ ಸೆರೆಯಾದ.

ಮುಂದಿನದು ಸುರಪುರದಲ್ಲಿ ಇಂದಿಗೂ ಜನ ಗಂಟಲು ಬಿಗಿದು ಹೇಳುವ ಕತೆ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಮರಣದಂಡನೆಯ ತೀರ್ಪು ಮೊದಲು ಜೀವಾವಧಿಗೆ, ಆಮೇಲೆ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ನಡತೆ ಸರಿಯಿದ್ದರೆ ಸಂಸ್ಥಾನ ಮರಳುವ ಮಾತೂ ಇತ್ತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಮೊದಲ ತಂಗುದಾಣದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ತೀರಿಕೊಂಡ. ಆತ್ಮಹತ್ಯೆಯೋ, ಕೈತಪ್ಪೋ, ಕೊಲೆಯೋ ಎಂಬ ಮಾತು ಊರಲ್ಲಿ ಇನ್ನೂ ನಿಂತಿಲ್ಲ. ವಯಸ್ಸು ಇಪ್ಪತ್ತನಾಲ್ಕು. ಅವನ ಇಪ್ಪತ್ತನಾಲ್ಕನೆಯ ವರ್ಷಕ್ಕೆ ಗಂಡಾಂತರವಿದೆಯೆಂದು ಜಾತಕದಲ್ಲಿ ಮೊದಲೇ ಬರೆದಿತ್ತೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1877ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಸುರಪುರದ ಪುಟಗಳೇ ಹೆಚ್ಚು ಆರ್ದ್ರವಾದವು. 1860ರ ಒಪ್ಪಂದದಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು.

ವೆಂಕಟಪ್ಪನಾಯಕನ ಧೈರ್ಯವನ್ನು ಅಳೆಯುವುದು ಇಲ್ಲಿನ ಉದ್ದೇಶವಲ್ಲ. ಗೆಲ್ಲುವ ಲೆಕ್ಕಕ್ಕಾಗಿಯೇ ಯಾರೂ ಹುತಾತ್ಮರಾಗುವುದಿಲ್ಲ, ಅವರ ಲೆಕ್ಕವೇ ಬೇರೆ. ಕೈಯನ್ನಷ್ಟೇ ನೋಡುವವನಿಗೆ ಮಾತ್ರ, ಇದೇ ಮನೆತನದ ಹಿರಿಯನೊಬ್ಬ ಇದೇ ಗುಡ್ಡಗಾಡಿನಲ್ಲಿ 1705ರಲ್ಲಿ ಆಡಿದ ಆಟ ಹೆಚ್ಚು ಕುತೂಹಲದ್ದು. ಅದು ವಾಗಣಗೇರಾದ ಪಿಡ್ಡನಾಯಕನ ಆಟ. ವಾಗಣಗೇರಾ ಸುರಪುರಕ್ಕೆ ಕೆಲವೇ ಮೈಲಿ ದೂರದ ಹಳ್ಳಿ. ಗುಡ್ಡದ ಮೇಲೆ ಕೋಟೆ, ಕೆಳಗೆ ತಳವಾರಗೇರಿ ಎಂಬ ಪೇಟೆ. 1687ರಲ್ಲಿ ಹಳೆಯ ರಾಜಧಾನಿ ಸಗರ ಮೊಗಲರ ಪಾಲಾದ ಮೇಲೆ ಪಿಡ್ಡನಾಯಕ ಇಲ್ಲಿ ಬೇರೂರಿದ್ದ. ಮೊಗಲ್ ಸೇನಾಪತಿಗಳು ದಂಡೆತ್ತಿ ಬಂದಾಗ ಕಪ್ಪ ಕೊಡಲೊಪ್ಪಿ ತಲೆ ಬಾಗುವುದು, ದಂಡು ಹಿಂದಿರುಗಿದ ಮೇಲೆ ತಲೆ ಎತ್ತುವುದು, ಇದು ಅವನ ವರ್ಷಗಳ ರೂಢಿ. ಪೋಕರಿನವರ ಭಾಷೆಯಲ್ಲಿ ಹೇಳಿದರೆ ರಾಶಿ ಉಬ್ಬಲು ಬಿಡದೆ ಆಡುವುದು. ಮೊಗಲರ ಬರಹಗಾರರು ಇದನ್ನು ಮೋಸವೆಂದು ಬರೆದರು. ಅವರ ದೃಷ್ಟಿಯಲ್ಲಿ ಅದು ಸಹಜವೇ.

1705ರ ಫೆಬ್ರವರಿ 8ರಂದು ಔರಂಗಜೇಬನೇ ಖುದ್ದಾಗಿ ವಾಗಣಗೇರಾದ ಮುಂದೆ ಬಂದಿಳಿದ. ವಯಸ್ಸು ಎಂಬತ್ತಾರು. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಎದುರಾಳಿ ಈಗ ಬ್ಲೈಂಡ್ ಆಡುತ್ತಿಲ್ಲ, ಎಲೆ ನೋಡಿಯೇ ಕೂತಿದ್ದಾನೆ. ಮೊದಮೊದಲು ಬೇಡರ ಕೈಯೇ ಮೇಲಾಯಿತು. ಲಾಲ್ ಟೇಕ್ರಿ ಎಂಬ ದಿಬ್ಬವನ್ನು ಮೊಗಲರು ಹಿಡಿದರೆ ಬೇಡರು ಕಲ್ಲು ಗುಂಡು ಸುರಿದು ಮತ್ತೆ ಕಿತ್ತುಕೊಂಡರು. ವಾರಗಳು ಉರುಳಿದವು. ಮಾರ್ಚ್ 26ರಂದು ಧನಾಜಿ ಜಾಧವನ ಮರಾಠಾ ಕುದುರೆಗಳೂ ಬಂದವು. ಅನೇಕ ಮರಾಠಾ ಸರದಾರರ ಕುಟುಂಬಗಳು ಕೋಟೆಯೊಳಗೆ ಆಸರೆ ಪಡೆದಿದ್ದವು, ಅವರನ್ನು ಹಿಂದಿನ ಬಾಗಿಲಿನಿಂದ ಸುರಕ್ಷಿತವಾಗಿ ಹೊರಗೆ ಒಯ್ದರು.

ಇನ್ನೊಬ್ಬನಾಗಿದ್ದರೆ, ಬಾದಶಹನನ್ನೇ ಇಷ್ಟು ದಿನ ತಡೆದೆ, ಮರಾಠರೂ ಬಂದರು, ಇನ್ನೇನು ಎಂದು ಬಯಲಿಗೆ ಇಳಿಯುತ್ತಿದ್ದ. ಪಿಡ್ಡನಾಯಕ ಇಳಿಯಲಿಲ್ಲ. ಅಬ್ದುಲ್ ಗನಿ ಎಂಬ ಕಾಶ್ಮೀರಿ ವ್ಯಾಪಾರಿಯ ಮೂಲಕ ಸಂಧಾನದ ಮಾತು ಕಳಿಸಿದ. ಸೋದರನನ್ನು ಒತ್ತೆಯಾಗಿ ಮೊಗಲರ ಬಿಡಾರಕ್ಕೆ ಕಳಿಸಿದ. ಮೊಗಲರ ಸರದಾರ ಮುಹತಶಮ್ ಖಾನನನ್ನು ಕೆಲವೇ ಜನರೊಡನೆ ಕೋಟೆಯೊಳಕ್ಕೆ ಬಿಟ್ಟುಕೊಂಡ. ಕೋಟೆ ಕೈಸೇರಿತೆಂದು ಬಿಡಾರದಲ್ಲಿ ಸಂಭ್ರಮ. ಅಷ್ಟರಲ್ಲಿ ಸುದ್ದಿ ಬಂತು: ನಾಯಕನಿಗೆ ಹುಚ್ಚು ಹಿಡಿದಿದೆ, ಮರಾಠರ ಜೊತೆ ಎಲ್ಲೋ ಓಡಿಹೋಗಿದ್ದಾನೆ! ಅದೆಲ್ಲ ಸುಳ್ಳು. ನಾಯಕ ಕೋಟೆಯಲ್ಲೇ ಇದ್ದ, ಬುದ್ಧಿಯೂ ನೆಟ್ಟಗಿತ್ತು. ಅವನು ಕೊಂಡುಕೊಂಡದ್ದು ಕಾಲವನ್ನು. ಸೈಡ್ ಶೋ ಕೇಳಿ, ತೋರಿಸುವಂತೆ ಮಾಡಿ, ತನ್ನದನ್ನು ತೋರಿಸದೆ ಎದುರಿನವನದನ್ನು ಮಾತ್ರ ನೋಡಿಕೊಂಡ ಆಟ ಇದು. ಜಮಖಾನದ ಮೇಲೆ ಹೀಗೆ ಮಾಡಿದರೆ ಹೊಡೆತ ಬೀಳುತ್ತದೆ. ಆದರೆ ಮುತ್ತಿಗೆಗೆ ಅಂತಹ ನಿಯಮಗಳಿಲ್ಲ.

ಆಮೇಲೆ ಜುಲ್ಫಿಕಾರ್ ಖಾನ್ ನುಸ್ರತ್ ಜಂಗ್ ಬಂದ. ಮೊಗಲರಲ್ಲಿ ಆಗ ಅವನಿಗಿಂತ ಸಮರ್ಥ ಸೇನಾಪತಿ ಇರಲಿಲ್ಲ. ಅವನು ಮಾತಿಗೆ ಮರುಳಾಗಲಿಲ್ಲ. ಕೋಟೆಯವರಿಗೆ ನೀರು ಕೊಡುತ್ತಿದ್ದ ಬಾವಿಗಳನ್ನು ಹಿಡಿದ. ಇಲ್ಲಿಗೆ ಲೆಕ್ಕ ಹದಿಮೂರಕ್ಕೆ ಇಳಿದಿತ್ತು. ಗೋಡೆಗಳು ಹಾಗೇ ಇದ್ದವು, ಬಂದೂಕಿನವರೂ ಇದ್ದರು, ಕೈ ಬದಲಾಗಿರಲಿಲ್ಲ. ಆದರೆ ಎದುರಿಗೆ ಉಳಿದವನು ಗೆಲ್ಲುವ ಎಲೆ ಹಿಡಿದವನು ಎಂಬುದು ಖಚಿತವಾಗಿತ್ತು. ಏಪ್ರಿಲ್ 27ರಂದು ಮೊಗಲರು ತಳವಾರಗೇರಿಯ ಮೇಲೆ ಬಿದ್ದರು. ಬೇಡರು ಹೊತ್ತು ಮುಳುಗುವವರೆಗೆ ಗುಂಡು ಹಾರಿಸುತ್ತಲೇ ಇದ್ದರು. ಕತ್ತಲಾದ ಮೇಲೆ ಗುಂಡಿನ ಸದ್ದು ನಿಂತು ಮನೆಗಳಿಂದ ಬೆಂಕಿ ಎದ್ದಿತು. ಮೊಗಲರು ಒಳಗೆ ಹೋಗಿ ನೋಡಿದರ��, ಕೋಟೆಯಲ್ಲಿ ಯಾರೂ ಇರಲಿಲ್ಲ. ಪಿಡ್ಡನಾಯಕ ಮರಾಠರ ಜೊತೆ ಹೊರಟುಹೋಗಿದ್ದ, ಈ ಸಲ ನಿಜವಾಗಿಯೂ.

ಎಕ್ಕದ ಜೋಡಿಯನ್ನು ಹೀಗೆ ಕೆಳಗಿಟ್ಟವನನ್ನು ಲಾವಣಿಕಾರರು ಅಷ್ಟಾಗಿ ಹಾಡುವುದಿಲ್ಲ. ವಾಗಣಗೇರಾ ಹೋಯಿತು, ಆದರೆ ನಾಯಕ, ಅವನ ಜನ, ಅವರ ಬಂದೂಕುಗಳು ಉಳಿದವು. ರಾಜಧಾನಿ ಸುರಪುರದ ಗುಡ್ಡಕ್ಕೆ ಬಂತು. ಅಲ್ಲಿಂದ ಈ ಮನೆತನ 1858ರವರೆಗೆ, ಒಂದೂವರೆ ಶತಮಾನ, ಮೊಗಲರನ್ನೂ ಮರಾಠರನ್ನೂ ನಿಜಾಮನನ್ನೂ ಕಂಡು ಆಳಿತು. ಕೋಟೆ ಗೆದ್ದ ಬಾದಶಹ ಮೇ ತಿಂಗಳಲ್ಲಿ ಕೃಷ್ಣೆಯ ಹತ್ತಿರದ ದೇವಾಪುರಕ್ಕೆ ಬಂದು ಬಿಡಾರ ಹೂಡಿದ. ಅಲ್ಲಿ ಕಾಯಿಲೆ ಬಿದ್ದ, ಇನ್ನುಳಿಯಲಾರನೆಂದು ಬಿಡಾರವೆಲ್ಲ ಅಂಜುವಷ್ಟು. ಅಕ್ಟೋಬರ್ 23ರಂದು ಅವನನ್ನು ಪಲ್ಲಕ್ಕಿಯಲ್ಲಿ ಕೂಡಿಸಿಕೊಂಡು ನಿಧಾನವಾಗಿ ಉತ್ತರದ ಕಡೆ ಹೊರಟರು. 1707ರಲ್ಲಿ ಅಹ್ಮದ್‌ನಗರದಲ್ಲಿ ಅವನು ತೀರಿಕೊಂಡ. ದೇವಾಪುರ ಇಂದೂ ಸುರಪುರ ತಾಲ್ಲೂಕಿನ ಒಂದು ಹಳ್ಳಿ.